ವ್ಯಾಟ್ ಕೇಳಬೇಡಿ, ಲೀಟರ್ ಕೇಳಿ

ಬೆಂಗಳೂರಿನ ಎಸ್.ಪಿ. ರಸ್ತೆಯಿರಲಿ, ಹುಬ್ಬಳ್ಳಿ, ಮಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರಲಿ, ಸಬ್‌ವೂಫರ್ ಕೊಳ್ಳಲು ಹೋದವರ ಬಾಯಲ್ಲಿ ಬರುವ ಪ್ರಶ್ನೆ ಎರಡೇ: ಎಷ್ಟು ಇಂಚು, ಎಷ್ಟು ವ್ಯಾಟ್? ಅಂಗಡಿಯವರ ಉತ್ತರವೂ ಅಷ್ಟಕ್ಕೇ ಮುಗಿಯುತ್ತದೆ. ರಟ್ಟಿನ ಡಬ್ಬದ ಮೇಲೆ ಪಿಎಂಪಿಒ ಎಂಬ ಹೆಸರಿನಲ್ಲಿ ಸಾವಿರಗಟ್ಟಲೆ ವ್ಯಾಟ್ ಅಚ್ಚಾಗಿರುವುದೂ ಉಂಟು. ಪೆಟ್ಟಿಗೆಯೊಳಗೆ ಎಷ್ಟು ಲೀಟರ್ ಗಾಳಿ ಹಿಡಿಯುತ್ತದೆ, ಅದರ ಕೊಳವೆ ಯಾವ ಹರ್ಟ್ಜ್‌ಗೆ ಹೊಂದಿಕೆಯಾಗಿದೆ ಎಂದು ವಿಚಾರಿಸುವವರು ತೀರಾ ಅಪರೂಪ. ಬಾಸ್‌ನ ಗುಣ ತೀರ್ಮಾನವಾಗುವುದು ಮಾತ್ರ ಈ ವಿಚಾರಿಸದ ಅಂಕಿಗಳಲ್ಲೇ.

ಮದುವೆ ಮಂಟಪ, ಖಾಸಗಿ ಬಸ್ಸು, ಕಬ್ಬಿನ ಟ್ರ್ಯಾಕ್ಟರ್, ಗಣಪತಿ ಮೆರವಣಿಗೆ, ಮನೆಯ ಟಿವಿ ಪಕ್ಕದ ಮೂಲೆ, ಎಲ್ಲೆಡೆ ಇಂದು ಬಾಸ್ ಇದೆ. ಅದರಲ್ಲಿ ಬಹುಪಾಲು ಒಂದೇ ಸ್ವರದ ಗುಡುಗು. ಹಾಡು ಯಾವುದೇ ಇರಲಿ, ಕೆಳಗಿನ ಸ್ವರ ಬಂದಾಗಲೆಲ್ಲ ಅದೇ ‘ಗುಂ’. ಇದಕ್ಕೆ ಕೇಳುಗರ ಅಭಿರುಚಿಯನ್ನು ದೂರಿ ಪ್ರಯೋಜನವಿಲ್ಲ. ಲೆಕ್ಕ ಹಾಕದೆ ಜೋಡಿಸಿದ ಪೆಟ್ಟಿಗೆಗಳು ಮಾಡುವ ಕೆಲಸವಿದು. ಬೇಕಾದ ಲೆಕ್ಕ 1961ರಿಂದಲೂ ಜಗತ್ತಿನ ಮುಂದಿದೆ, ಪಿಯುಸಿ ಓದಿದವರಿಗೆ ನಿಲುಕುವಷ್ಟು ಸುಲಭವೂ ಆಗಿದೆ.

ತಗ್ಗಿನ ಸ್ವರ ಹೊರಡಿಸುವುದು ಏಕೆ ಅಷ್ಟು ಕಷ್ಟ? ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ 1,000 ಹರ್ಟ್ಜ್ ಸ್ವರದ ಒಂದು ಅಲೆಯ ಉದ್ದ 34 ಸೆಂ.ಮೀ. ಆದರೆ, 40 ಹರ್ಟ್ಜ್‌ನದು ಎಂಟೂವರೆ ಮೀಟರ್, 20 ಹರ್ಟ್ಜ್‌ನದು 17 ಮೀಟರ್. ಇಷ್ಟು ದೊಡ್ಡ ಅಲೆಯನ್ನು ಅಂಗೈಯಗಲದ ಕಾಗದದ ಕೋನ್ ಎಬ್ಬಿಸಬೇಕು. ಆವೃತ್ತಿ ಅರ್ಧಕ್ಕೆ ಇಳಿದರೆ ಅದೇ ಗಟ್ಟಿತನ ಉಳಿಸಿಕೊಳ್ಳಲು ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕಾಗುತ್ತದೆ. 80 ಹರ್ಟ್ಜ್‌ನಲ್ಲಿ ಒಂದು ಮಿ.ಮೀ. ಆಡಿದರೆ ಸಾಕಿದ್ದದ್ದು 40ಕ್ಕೆ ಇಳಿದಾಗ ನಾಲ್ಕು ಮಿ.ಮೀ., 20ಕ್ಕೆ ಇಳಿದಾಗ 16 ಮಿ.ಮೀ. ಸಾಲದ್ದಕ್ಕೆ ಮನುಷ್ಯನ ಕಿವಿಯೂ ಇಲ್ಲಿ ಮಂದ. 1,000 ಹರ್ಟ್ಜ್‌ನ ಸ್ವರ ಸೊನ್ನೆಯ ಆಸುಪಾಸಿನ ಡೆಸಿಬೆಲ್‌ನಲ್ಲೇ ಕೇಳಿಸುತ್ತದೆ. 20 ಹರ್ಟ್ಜ್‌ನದು ಕಿವಿಗೆ ಬೀಳಬೇಕಾದರೇ ಸುಮಾರು 78 ಡೆಸಿಬೆಲ್ ಬೇಕು.

ವ್ಯಾಟ್ ಹೆಚ್ಚಿಸಿದರೆ ಆಯಿತಲ್ಲ ಎನ್ನುವವರು ಒಂದು ಅಂಕಿಯನ್ನು ಗಮನಿಸಬೇಕು. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರ್ ಮನೆಬಳಕೆಗೆ ಸಾಮಾನ್ಯವಾದದ್ದು. ಅದಕ್ಕೆ ಹರಿಸಿದ ವಿದ್ಯುತ್ತಿನಲ್ಲಿ ಶಬ್ದವಾಗಿ ಹೊರಬರುವುದು ಶೇ 0.3ರಷ್ಟು ಮಾತ್ರ. ನೂರು ವ್ಯಾಟ್ ಸುರಿದರೆ ತೊಂಬತ್ತೊಂಬತ್ತಕ್ಕೂ ಹೆಚ್ಚು ವ್ಯಾಟ್ ಸ್ಪೀಕರಿನೊಳಗಿನ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್ ಬಿಸಿ ಮಾಡಲು ವ್ಯಯವಾಗುತ್ತದೆ. ಪವರ್ ದುಪ್ಪಟ್ಟಾದರೆ ಸಿಗುವುದು ಮೂರೇ ಡೆಸಿಬೆಲ್. ಕಿವಿಗೆ ಶಬ್ದ ಎರಡು ಪಟ್ಟು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಪವರ್ ಬೇಕು. ಇಷ್ಟು ದುಬಾರಿಯ ದಾರಿಯನ್ನು ಮಾರುಕಟ್ಟೆ ಜನರ ತಲೆಗೆ ತುಂಬಿಬಿಟ್ಟಿದೆ. ಪೆಟ್ಟಿಗೆಯ ಅಳತೆ ಸರಿಪಡಿಸಿದರೆ ಸಿಗುವ ಲಾಭ ಎಷ್ಟೋ ಅಗ್ಗದ್ದು.

ಇಂದಿನ ಸ್ಪೀಕರಿನ ಮೂಲರೂಪ ಕೊಟ್ಟವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. 1925ರಲ್ಲಿ ಅವರು ಪ್ರಕಟಿಸಿದ ವಿನ್ಯಾಸದಲ್ಲಿ ಅಯಸ್ಕಾಂತದ ನಡುವೆ ತೂಗುವ ಸುರುಳಿ, ಸುರುಳಿಗೆ ಅಂಟಿದ ಕೋನ್ ಇದ್ದವು. ಇವತ್ತಿನ ಸ್ಪೀಕರ್ ಬಿಚ್ಚಿ ನೋಡಿದರೂ ಕಾಣುವುದು ಅದೇ. ಇಂಥ ಸ್ಪೀಕರನ್ನು ಪೆಟ್ಟಿಗೆಯಿಲ್ಲದೆ ಬರಿದೇ ಮೇಜಿನ ಮೇಲಿಟ್ಟು ನುಡಿಸಿದರೆ ಬಾಸ್ ಕೇಳುವುದೇ ಇಲ್ಲ. ಕೋನ್ ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತುತ್ತದೆ, ಹಿಂದಿನದು ಸಡಿಲಾಗುತ್ತದೆ. ಉದ್ದನೆಯ ಅಲೆಗೆ ಸ್ಪೀಕರಿನ ಅಂಚು ಸುತ್ತಿ ಬರುವುದು ಲೆಕ್ಕಕ್ಕೇ ಇಲ್ಲ. ಮುಂದಿನದೂ ಹಿಂದಿನದೂ ಕೂಡಿಕೊಂಡು ಸೊನ್ನೆಯಾಗುತ್ತವೆ. ಪೆಟ್ಟಿಗೆಯ ಮೊದಲ ಕೆಲಸ ಈ ಎರಡನ್ನು ದೂರ ಇಡುವುದು.

ಎರಡನೆಯ ಕೆಲಸವನ್ನು ಕಂಡುಕೊಂಡವರು ಅಮೆರಿಕದ ಎಡ್ಗರ್ ವಿಲ್ಚರ್. ಅವರ ಕಾಲದ ದೊಡ್ಡ ಸ್ಪೀಕರುಗಳು ಕಪಾಟಿನಷ್ಟು ಗಾತ್ರದವು. ಕೋನನ್ನು ಹಿಡಿದು ನಿಲ್ಲಿಸುವ ಬಿಗಿಯಾದ ಅಂಚು ಹೆಚ್ಚು ಓಡಾಟಕ್ಕೆ ಒಗ್ಗದೆ ಸ್ವರವನ್ನು ವಿಕಾರಗೊಳಿಸುತ್ತದೆ ಎಂಬುದನ್ನು ವಿಲ್ಚರ್ ಗಮನಿಸಿದರು. ಅಂಚನ್ನು ಸಡಿಲ ಮಾಡಿ, ಪೆಟ್ಟಿಗೆಯನ್ನು ಚಿಕ್ಕದಾಗಿ, ಗಾಳಿಯಾಡದಂತೆ ಮುಚ್ಚಿದರೆ ಒಳಗೆ ಸಿಕ್ಕಿಕೊಂಡ ಗಾಳಿಯೇ ಕೋನಿಗೆ ಸ್ಪ್ರಿಂಗ್ ಆಗುತ್ತದೆ. ಬಟ್ಟೆಯ ಅಂಚಿನ ಸ್ಪ್ರಿಂಗಿಗಿಂತ ಗಾಳಿಯ ಸ್ಪ್ರಿಂಗ್ ಹೆಚ್ಚು ಶಿಸ್ತಿನದು. ಇದ್ದ ಕಂಪನಿಗಳು ಈ ವಿಚಾರವನ್ನು ಒಪ್ಪದಿದ್ದಾಗ ಅವರು ಹೆನ್ರಿ ಕ್ಲಾಸ್ ಜೊತೆ ಸೇರಿ ಮೆಸಾಚುಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ಕಟ್ಟಿದರು. 1954ರಲ್ಲಿ ಹೊರಬಂದ ಎಆರ್-1 ಪುಸ್ತಕದ ಶೆಲ್ಫ್‌ನಲ್ಲಿ ಕೂರುವಂಥದ್ದು. ಆದರೂ ಅದರ ಬಾಸ್ ಕಪಾಟಿನ ಗಾತ್ರದ ಸ್ಪೀಕರುಗಳಿಗೆ ಸರಿಸಾಟಿಯಾಗಿತ್ತು. 1958ರ ಎಆರ್-3 ಇಂದು ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಇನ್ನೊಂದು ದಾರಿ ತೂತಿನ ಪೆಟ್ಟಿಗೆಯದು. ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ 1930ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು, 1932ರಲ್ಲಿ ಅದು ಸಿಕ್ಕಿತು. ಪೆಟ್ಟಿಗೆಗೊಂದು ಕೊಳವೆ ಕೊಟ್ಟರೆ ಅದರೊಳಗಿನ ಗಾಳಿ ತೂಕವಾಗಿ, ಪೆಟ್ಟಿಗೆಯ ಗಾಳಿ ಸ್ಪ್ರಿಂಗ್ ಆಗಿ ನಿರ್ದಿಷ್ಟ ಆವೃತ್ತಿಯೊಂದರಲ್ಲಿ ಅನುನಾದಕ್ಕೆ ಬರುತ್ತವೆ. ಖಾಲಿ ಸೀಸೆಯ ಬಾಯಿಗೆ ಅಡ್ಡವಾಗಿ ಊದಿದಾಗ ಹೊರಡುವ ಸ್ವರದ್ದೂ ಇದೇ ಗುಟ್ಟು. ಆ ಆವೃತ್ತಿಯಲ್ಲಿ ಕೋನಿನ ಹಿಂಬದಿಯ ಶಬ್ದ ದಿಕ್ಕು ಬದಲಿಸಿಕೊಂಡು ಕೊಳವೆಯಿಂದ ಹೊರಬಂದು ಮುಂಬದಿಯ ಶಬ್ದಕ್ಕೆ ಬಲ ಕೊಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಪೋಲಾಗುವ ಅರ್ಧ ಶಕ್ತಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಈ ಅನುನಾದದ ಗಣಿತ ಕೊಟ್ಟವರು ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್. ಸ್ವರಗಳ ಗ್ರಹಿಕೆಯ ಬಗ್ಗೆ ಅವರು ಬರೆದ ಗ್ರಂಥ ಪ್ರಕಟವಾದದ್ದು 1863ರಲ್ಲಿ. ತಮ್ಮ ಮೇಲೆ ಗಾಢ ಪ್ರಭಾವ ಬೀರಿದ ಮೂರು ಪುಸ್ತಕಗಳಲ್ಲಿ ಅದೂ ಒಂದು ಎಂದು ಸಿ.ವಿ. ರಾಮನ್ ಹೇಳಿಕೊಂಡಿದ್ದಾರೆ. ಮೃದಂಗದ ಮಧ್ಯದ ಕರಣೆ ಅದರ ಮೇಲ್ಸ್ವರಗಳನ್ನು ಹೇಗೆ ಸುಸ್ವರವಾಗಿ ಹೊಂದಿಸುತ್ತದೆ ಎಂಬುದನ್ನು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ರಾಮನ್, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ಅದೇ ವಿಷಯವನ್ನು ವಿಸ್ತರಿಸಿದರು. ವಾದ್ಯದ ಅಂಗಾಂಗಗಳಿಗೆ ಅಳತೆ, ತೂಕ, ಕಾರಣ ಹುಡುಕುವ ಈ ಪರಂಪರೆ ಬೆಂಗಳೂರಿಗೆ ಹೊಸದಲ್ಲ. ಸ್ಪೀಕರ್ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಅದನ್ನು ಮರೆಯಲಾಗಿದೆ.

ಥುರಾಸ್ ಪೇಟೆಂಟಿನ ನಂತರ ಮೂವತ್ತು ವರ್ಷ ತೂತಿನ ಪೆಟ್ಟಿಗೆಗೆ ಕೆಟ್ಟ ಹೆಸರೇ ಇತ್ತು. ತೂತು ಎಲ್ಲಿ, ಎಷ್ಟು ಎಂಬುದು ಅಂದಾಜಿನ ಮಾತಾಗಿದ್ದರಿಂದ ಒಂದು ಪೆಟ್ಟಿಗೆ ಚೆನ್ನಾಗಿ ಬಂದರೆ ಇನ್ನೊಂದು ಬರೀ ಗುಡುಗುತ್ತಿತ್ತು. ಇದಕ್ಕೆ ಕೊನೆ ಹಾಡಿದವರು ಆಸ್ಟ್ರೇಲಿಯಾದ ನೆವಿಲ್ ಥೀಲ್. ಇಎಂಐ ಕಂಪನಿಯ ಸಿಡ್ನಿ ಶಾಖೆಯಲ್ಲಿ ಎಂಜಿನಿಯರ್ ಆಗಿದ್ದ ಅವರು 1961ರಲ್ಲಿ ಮಂಡಿಸಿದ ಪ್ರಬಂಧದ ತಿರುಳು ಸರಳ. ಸ್ಪೀಕರ್ ಮತ್ತು ಪೆಟ್ಟಿಗೆ ಸೇರಿದರೆ ಅದೊಂದು ವಿದ್ಯುತ್ ಫಿಲ್ಟರಿಗೆ ಸಮ. ಫಿಲ್ಟರುಗಳ ಗಣಿತ ರೇಡಿಯೊ ಎಂಜಿನಿಯರುಗಳಿಗೆ ಕರತಲಾಮಲಕ. ಅದನ್ನೇ ಮರದ ಪೆಟ್ಟಿಗೆಗೆ ಅನ್ವಯಿಸಿ, ಯಾವ ಸ್ಪೀಕರಿಗೆ ಎಷ್ಟು ಲೀಟರ್, ಯಾವ ಆವೃತ್ತಿ ಎಂಬುದನ್ನು 28 ಬಗೆಯ ಹೊಂದಾಣಿಕೆಗಳ ಕೋಷ್ಟಕದಲ್ಲಿ ಥೀಲ್ ಇಟ್ಟರು. ಹತ್ತು ವರ್ಷ ಹೊರಗಿನವರು ಅದರತ್ತ ಹೆಚ್ಚು ಕಣ್ಣು ಹಾಯಿಸಲಿಲ್ಲ. 1971ರಲ್ಲಿ ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಅದನ್ನು ಮರುಮುದ್ರಿಸಿತು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ರಿಚರ್ಡ್ ಸ್ಮಾಲ್ ಮುಂದಿನ ವರ್ಷದಿಂದ ಸರಣಿ ಪ್ರಬಂಧಗಳಲ್ಲಿ ಅದನ್ನು ಪೂರ್ಣಗೊಳಿಸಿದರು. ಇಂದು ಜಗತ್ತಿನಾದ್ಯಂತ ಸ್ಪೀಕರ್ ವಿನ್ಯಾಸಕ್ಕೆ ಅಡಿಪಾಯ ‘ಥೀಲ್-ಸ್ಮಾಲ್ ಅಂಕಿ’ಗಳು.

ಅವುಗಳಲ್ಲಿ ಮುಖ್ಯವಾದವು ಮೂರು. ಸ್ಪೀಕರ್ ಪೆಟ್ಟಿಗೆಯಿಲ್ಲದೆ ತಾನಾಗಿ ಅನುನಾದಕ್ಕೆ ಬರುವ ಆವೃತ್ತಿ ಎಫ್‌ಎಸ್. ಅದರ ಅಂಚಿನ ಬಿಗಿಗೆ ಸಮನಾದ ಬಿಗಿಯುಳ್ಳ ಗಾಳಿಯ ಗಾತ್ರ ವಿಎಎಸ್, ಲೀಟರುಗಳಲ್ಲಿ. ಅಯಸ್ಕಾಂತ ಕೋನನ್ನು ಎಷ್ಟರ ಮಟ್ಟಿಗೆ ಹತೋಟಿಯಲ್ಲಿಡುತ್ತದೆ ಎಂದು ತಿಳಿಸುವುದು ಕ್ಯೂಟಿಎಸ್. ಈ ಮೂರು ಗೊತ್ತಿದ್ದರೆ ಮರ ಕೊಯ್ಯುವ ಮೊದಲೇ ಪೆಟ್ಟಿಗೆಯ ಸ್ವರ ಹೇಗಿರುತ್ತದೆಂದು ಕಾಗದದ ಮೇಲೆ ಎಳೆದು ತೋರಿಸಬಹುದು.

ಉದಾಹರಣೆಗೆ ಎಫ್‌ಎಸ್ 25 ಹರ್ಟ್ಜ್, ವಿಎಎಸ್ 80 ಲೀಟರ್, ಕ್ಯೂಟಿಎಸ್ 0.4 ಇರುವ ಒಂದು ವೂಫರ್, ಅಂದರೆ ತಗ್ಗಿನ ಸ್ವರದ ಸ್ಪೀಕರ್ ತೆಗೆದುಕೊಳ್ಳೋಣ. ಮುಚ್ಚಿದ ಪೆಟ್ಟಿಗೆಯಲ್ಲಿ ಏರುಪೇರಿಲ್ಲದ ಸ್ವರ ಬೇಕೆಂದರೆ ಒಳಗಾತ್ರ ಸುಮಾರು 38 ಲೀಟರ್ ಇರಬೇಕು. ಆಗ ಬಾಸ್ 44 ಹರ್ಟ್ಜ್‌ವರೆಗೆ ಇಳಿಯುತ್ತದೆ, ಅದಕ್ಕಿಂತ ಕೆಳಗೆ ನಿಧಾನವಾಗಿ ಕ್ಷೀಣಿಸುತ್ತದೆ. ಅದೇ ವೂಫರನ್ನು 86 ಲೀಟರಿನ ತೂತಿನ ಪೆಟ್ಟಿಗೆಗೆ ಹಾಕಿ ಕೊಳವೆಯನ್ನು 24 ಹರ್ಟ್ಜ್‌ಗೆ ಹೊಂದಿಸಿದರೆ ಬಾಸ್ ಹೆಚ್ಚುಕಡಿಮೆ 24 ಹರ್ಟ್ಜ್‌ವರೆಗೂ ಹೋಗುತ್ತದೆ. ವೂಫರ್ ಒಂದೇ, ಆಂಪ್ಲಿಫೈಯರ್ ಒಂದೇ. ಬದಲಾದದ್ದು ಪ್ಲೈವುಡ್ ಮಾತ್ರ.

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಆಗುವುದು ಬೇರೆ. ಕಾರಿನ ಡಿಕ್ಕಿಯಲ್ಲಿ ಜಾಗ ಉಳಿಯಲಿ ಎಂದು ಅದೇ ವೂಫರನ್ನು 12 ಲೀಟರಿನ ಡಬ್ಬಕ್ಕೆ ತುರುಕುತ್ತಾರೆ. ಅನುನಾದ 69 ಹರ್ಟ್ಜ್‌ಗೆ ಏರಿ ಅಲ್ಲಿ ಉಬ್ಬು ಹುಟ್ಟುತ್ತದೆ. ಬಾಸ್ ಗಿಟಾರಿನ ನಾಲ್ಕು ತಂತಿಗಳ ಆವೃತ್ತಿ ಸುಮಾರಾಗಿ 41, 55, 73, 98 ಹರ್ಟ್ಜ್. ಈ ಪುಟ್ಟ ಡಬ್ಬದಲ್ಲಿ 73 ಹರ್ಟ್ಜ್‌ನ ತಂತಿಗೂ 41 ಹರ್ಟ್ಜ್‌ನದಕ್ಕೂ ಸುಮಾರು 9 ಡೆಸಿಬೆಲ್ ಅಂತರ ಬೀಳುತ್ತದೆ. ಒಂದು ಸ್ವರ ಅರಚುತ್ತದೆ, ಇನ್ನೊಂದು ಮುಳುಗುತ್ತದೆ. 38 ಲೀಟರಿನಲ್ಲಿ ಆ ಅಂತರ ಸುಮಾರು ಮೂರು ಡೆಸಿಬೆಲ್. 86 ಲೀಟರಿನಲ್ಲಿ ಅದು ಗಮನಕ್ಕೂ ಬಾರದಷ್ಟು. ಶಂಕರ್‌ನಾಗ್ ನಿರ್ದೇಶಿಸಿದ 1981ರ ‘ಗೀತಾ’ ಚಿತ್ರದ ಹಾಡುಗಳಲ್ಲಿ ಇಳಯರಾಜ ಬಾಸ್ ಗಿಟಾರಿಗೆ ತಾಳ ಹಿಡಿಯುವ ಕೆಲಸವನ್ನಷ್ಟೇ ಕೊಡಲಿಲ್ಲ. ಅದು ಗಾಯಕರ ಪಕ್ಕದಲ್ಲಿ ತನ್ನದೇ ಸ್ವರಗಳ ನಡೆ ಹಿಡಿದು ಸಾಗುತ್ತದೆ. ಉಬ್ಬಿದ ಡಬ್ಬದಲ್ಲಿ ಆ ನಡೆಯಷ್ಟೂ ಒಂದೇ ಬಡಿತವಾಗಿ ಕಲಸಿಹೋಗುತ್ತದೆ. ಸಂಯೋಜಕರೂ ವಾದಕರೂ ಪಟ್ಟ ಶ್ರಮಕ್ಕೆ ಇದು ಅನ್ಯಾಯ.

ಲೆಕ್ಕದಂತೆ ಪೆಟ್ಟಿಗೆ ಕಟ್ಟುವುದು ಬಡಗಿಗೆ ಹೊಸ ವಿದ್ಯೆಯೇನಲ್ಲ. 86 ಲೀಟರ್ ಎಂದರೆ ನಿವ್ವಳ ಗಾಳಿ. ಕೊಳವೆ, ವೂಫರಿನ ಬೆನ್ನು, ಅಡ್ಡಪಟ್ಟಿಗಳು ಆಕ್ರಮಿಸುವ ಸುಮಾರು ಹತ್ತು ಲೀಟರನ್ನು ಸೇರಿಸಿದರೆ 96 ಲೀಟರ್. ಒಳಗಿನ ಅಳತೆ 40, 40, 60 ಸೆಂ.ಮೀ. ಇಟ್ಟರೆ ಸರಿಯಾಗಿ ಅಷ್ಟಾಗುತ್ತದೆ. 18 ಮಿ.ಮೀ. ಪ್ಲೈವುಡ್‌ನ ಎಂಟು-ನಾಲ್ಕು ಅಡಿಯ ಒಂದೇ ಹಾಳೆಯಲ್ಲಿ ಕೆಲಸ ಮುಗಿದು ತುಂಡುಗಳು ಉಳಿಯುತ್ತವೆ. ಕೊಳವೆಗೆ ಪೈಪಿನಂಗಡಿಯ ನಾಲ್ಕಿಂಚಿನ ಪಿವಿಸಿ ಸಾಕು. ಒಳವ್ಯಾಸ 10 ಸೆಂ.ಮೀ. ಇದ್ದರೆ ಸೂತ್ರದ ಪ್ರಕಾರ 47 ಸೆಂ.ಮೀ. ಉದ್ದ ಬೇಕು. ಆದರೆ ಕೊಳವೆಯ ಎರಡೂ ಬಾಯಿಗಳಾಚೆ ಸ್ವಲ್ಪ ಗಾಳಿ ಅದರೊಂದಿಗೇ ಆಡುವುದರಿಂದ ವ್ಯಾಸದ 0.73 ಪಾಲನ್ನು ಕಳೆಯಬೇಕು. ಆಗ 40 ಸೆಂ.ಮೀ. ಉಳಿಯುತ್ತದೆ. ಈಗೊಂದು ತೊಡಕು: ಪೆಟ್ಟಿಗೆಯ ಆಳವೂ 40 ಸೆಂ.ಮೀ. ಮುಂಭಾಗದಿಂದ ನೇರವಾಗಿ ಒಳಕ್ಕೆ ಹಾಕಿದರೆ ಕೊಳವೆಯ ತುದಿ ಹಿಂದಿನ ಹಲಗೆಗೆ ಮುಟ್ಟಿ ಬಾಯಿ ಕಟ್ಟಿಹೋಗುತ್ತದೆ. ತುದಿಯ ಮುಂದೆ ಕನಿಷ್ಠ ಒಂದು ವ್ಯಾಸದಷ್ಟು ತೆರವಿರಬೇಕು. ಆದ್ದರಿಂದ ಕೊಳವೆಯನ್ನು 60 ಸೆಂ.ಮೀ. ಉದ್ದದ ದಿಕ್ಕಿಗೆ ತಿರುಗಿಸಬೇಕು. ಕಾಗದದ ಮೇಲೆ ಬರೆಯದೆ ಮರ ಕೊಯ್ದವರಿಗೆ ಇದು ತಿಳಿಯುವುದು ಪೆಟ್ಟಿಗೆ ಮುಚ್ಚುವ ಹೊತ್ತಿಗೆ.

ತೆಳ್ಳನೆಯ ಕೊಳವೆ ಹಾಕಿದರೆ ಚಿಕ್ಕದರಲ್ಲೇ ಮುಗಿಯುವುದಿಲ್ಲವೇ? ಮುಗಿಯುತ್ತದೆ. ಆದರೆ ಕಿರಿದಾದ ಬಾಯಿಂದ ಗಾಳಿ ರಭಸವಾಗಿ ನುಗ್ಗಿ ‘ಫಸ್ ಫಸ್’ ಎನ್ನುತ್ತದೆ. ಗಾಳಿಯ ವೇಗ ಸೆಕೆಂಡಿಗೆ ಸುಮಾರು 17 ಮೀಟರ್ ಮೀರದಂತೆ ನೋಡಿಕೊಳ್ಳುವುದು ವಿನ್ಯಾಸಕಾರರ ರೂಢಿ.

ಹಲಗೆಗಳ ಸಂದಿಗೆ ಅಂಟು ಧಾರಾಳವಾಗಿ ಬೀಳಬೇಕು. ದೊಡ್ಡ ಹಲಗೆಗಳ ನಡುವೆ ಅಡ್ಡಪಟ್ಟಿ ಕೂರಬೇಕು, ಇಲ್ಲವಾದರೆ ಹಲಗೆಯೇ ಇನ್ನೊಂದು ಸ್ಪೀಕರಾಗಿ ನಡುಗುತ್ತದೆ. ಸಂದಿಗಳ ಪರೀಕ್ಷೆಗೆ ಊದುಬತ್ತಿ ಸಾಕು. ಮೆಲ್ಲಗೆ ತಗ್ಗಿನ ಸ್ವರ ನುಡಿಸುತ್ತಾ ಊದುಬತ್ತಿಯನ್ನು ಅಂಚಿನುದ್ದಕ್ಕೂ ಒಯ್ದರೆ, ಗಾಳಿ ಸೋರುವ ಕಡೆ ಹೊಗೆ ತುಯ್ದಾಡುತ್ತದೆ. ಎಂಡಿಎಫ್ ಆಗಲಿ ಪ್ಲೈವುಡ್ ಆಗಲಿ, ಕೊಯ್ಯುವಾಗ ಮುಖಕ್ಕೆ ಒಳ್ಳೆಯ ಮಾಸ್ಕ್ ಇರಲೇಬೇಕು. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ.

ಕಟ್ಟಿದ ಪೆಟ್ಟಿಗೆ ಲೆಕ್ಕಕ್ಕೆ ಸರಿಯಾಗಿ ಬಂದಿದೆಯೇ ಎಂಬುದನ್ನು ಕಣ್ಣಾರೆ ನೋಡಬಹುದು. ಮೊಬೈಲಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಆಂಪ್ಲಿಫೈಯರ್ ಸಣ್ಣಗಿಟ್ಟು 40 ಹರ್ಟ್ಜ್‌ನಿಂದ ಒಂದೊಂದೇ ಹರ್ಟ್ಜ್ ಕೆಳಗಿಳಿಸಬೇಕು. ಮೊದಲು ಕೋನ್ ಆಡುವುದು ಕಣ್ಣಿಗೆ ಕಾಣುತ್ತದೆ. 28, 26, 25 ಎಂದು ಇಳಿಯುತ್ತಿದ್ದಂತೆ ಅದರ ಆಟ ಕಡಿಮೆಯಾಗುತ್ತಾ 24ರ ಹತ್ತಿರ ಬಹುತೇಕ ನಿಂತೇಬಿಡುತ್ತದೆ. ಸ್ಪೀಕರ್ ಸುಟ್ಟಿತೇನೋ ಎಂದು ಗಾಬರಿಯಾಗುವ ಹೊತ್ತಿಗೆ ಕೊಳವೆಯ ಬಾಯಿಗೆ ಅಂಗೈ ಹಿಡಿದರೆ ಗಾಳಿ ದಬದಬ ಬಡಿಯುತ್ತದೆ. ಕೋನ್ ಸುಮ್ಮನಿದೆ, ಕೆಲಸವೆಲ್ಲ ಕೊಳವೆಯದು. ಹೊಂದಿಕೆಯ ಆವೃತ್ತಿ ಎಂದರೆ ಅದೇ. ಇನ್ನೂ ಕೆಳಗಿಳಿಸಿ 15ಕ್ಕೆ ತಂದರೆ ಕೋನಿಗೆ ಗಾಳಿಯ ಆಸರೆ ತಪ್ಪಿ ಅದು ಹುಚ್ಚುಹುಚ್ಚಾಗಿ ಕುಣಿಯತೊಡಗುತ್ತದೆ. ತೂತಿನ ಪೆಟ್ಟಿಗೆಗೆ ಅತಿ ತಗ್ಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಬೇಕೇಬೇಕು ಎನ್ನುವುದು ಇದಕ್ಕಾಗಿ. ಆ ಫಿಲ್ಟರ್ ಇಲ್ಲದ ಕಾರಣಕ್ಕೆ ಹರಿದುಹೋದ ವೂಫರುಗಳು ರಿಪೇರಿ ಅಂಗಡಿಗಳಲ್ಲಿ ರಾಶಿ ಬಿದ್ದಿರುತ್ತವೆ.

ಇಷ್ಟು ದೊಡ್ಡ ಪೆಟ್ಟಿಗೆ ಈ ಕಾಲಕ್ಕೆ ಯಾಕೆ, ಕೈಯಗಲದ ಬ್ಲೂಟೂತ್ ಸ್ಪೀಕರೇ ಬಾಸ್ ಕೊಡುತ್ತದಲ್ಲ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಸಣ್ಣ ಸ್ಪೀಕರುಗಳೊಳಗಿನ ಚಿಪ್ ತಗ್ಗಿನ ಸ್ವರಗಳನ್ನು ಎತ್ತಿ ಕೊಡುತ್ತದೆ. ಮೂಲ ಸ್ವರ ಇಲ್ಲದಿದ್ದರೂ ಅದರ ಮೇಲ್ಸ್ವರಗಳು ಕೇಳಿಸಿದರೆ ಮಿದುಳು ಮೂಲವನ್ನು ತುಂಬಿಕೊಳ್ಳುತ್ತದೆ ಎಂಬುದನ್ನೂ ತಯಾರಕರು ಬಳಸಿಕೊಳ್ಳುತ್ತಾರೆ. ಆದರೆ ವಾಲ್ಯೂಮ್ ಏರಿಸಿದಂತೆ ಕೋನಿನ ಓಟ ಮಿತಿ ಮುಟ್ಟುವುದರಿಂದ ಚಿಪ್ ಬಾಸನ್ನು ಸದ್ದಿಲ್ಲದೆ ಹಿಂತೆಗೆದುಕೊಳ್ಳುತ್ತದೆ. ವಿಲ್ಚರ್ ಕಾಲದ ಇನ್ನೊಬ್ಬ ಎಂಜಿನಿಯರ್, ಕೆಎಲ್‌ಎಚ್ ಕಂಪನಿಯ ಹೆಸರಿನಲ್ಲಿರುವ ಎಚ್ ಆದ ಹಾಫ್ಮನ್ ಹೇಳಿದ ನಿಯಮ ಇಂದಿಗೂ ಮುರಿದಿಲ್ಲ. ಆಳದ ಬಾಸ್, ಹೆಚ್ಚಿನ ದಕ್ಷತೆ, ಸಣ್ಣ ಪೆಟ್ಟಿಗೆ ಈ ಮೂರರಲ್ಲಿ ಎರಡು ಸಿಗುತ್ತವೆ, ಮೂರನೆಯದನ್ನು ಬಿಟ್ಟುಕೊಡಬೇಕು. ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದು ಕೊಳ್ಳುವವರಿಗೆ ಗೊತ್ತಿರಬೇಕು. ಅದನ್ನು ಮುಚ್ಚಿಟ್ಟು ಮಾರುವುದು ಸರಿಯಲ್ಲ.

ಕೋಣೆಯ ಪಾತ್ರವೂ ದೊಡ್ಡದು. 14 ಅಡಿ ಉದ್ದದ ಕೋಣೆಯಲ್ಲಿ 40 ಹರ್ಟ್ಜ್‌ನ ಅಲೆ ಗೋಡೆಯಿಂದ ಗೋಡೆಗೆ ಬಡಿದು ನಿಂತ ಅಲೆಯಾಗುತ್ತದೆ. ಕಾಂಕ್ರೀಟ್ ಗೋಡೆ, ಟೈಲ್ಸ್ ನೆಲ ಅದನ್ನು ಹೀರುವುದಿಲ್ಲ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರೆ ಎದೆ ನಡುಗುತ್ತದೆ, ಕೋಣೆಯ ನಡುವಿಗೆ ಸರಿದರೆ ಅದೇ ಸ್ವರ ಮಾಯ. ಸಬ್‌ವೂಫರನ್ನು ಕೇಳುವ ಜಾಗದಲ್ಲೇ ಇಟ್ಟು ಹಾಡು ಹಾಕಿ, ಕೋಣೆಯ ಅಂಚಿನಲ್ಲಿ ಮಂಡಿಯೂರಿ ತೆವಳುತ್ತಾ ಸ್ವರಗಳು ಸಮನಾಗಿ ಕೇಳುವ ಸ್ಥಳ ಹುಡುಕಿ, ಪೆಟ್ಟಿಗೆಯನ್ನು ಅಲ್ಲಿಗೆ ಸರಿಸುವುದು ಹಳೆಯ ಉಪಾಯ. ಇದಕ್ಕೆ ಕಾಸು ಖರ್ಚಿಲ್ಲ.

ಮನೆಯೊಳಗಿನ ಈ ಅಂಕಿಗಳ ಅಜ್ಞಾನ ಬೀದಿಗೆ ಬಂದಾಗ ಅದು ಆರೋಗ್ಯದ ಪ್ರಶ್ನೆಯಾಗುತ್ತದೆ. 2000ದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ, ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಶಬ್ದ ಮೀರಬಾರದು. ಇವೆಲ್ಲ ‘ಎ’ ಮಾಪನದ ಅಂಕಿಗಳು. ಕಿವಿ ತಗ್ಗಿನ ಸ್ವರಕ್ಕೆ ಮಂದವೆಂಬ ಕಾರಣದಿಂದ ‘ಎ’ ಮಾಪನ 50 ಹರ್ಟ್ಜ್‌ನ ಶಬ್ದದಲ್ಲಿ 30 ಡೆಸಿಬೆಲ್ ಕಳೆದು ತೋರಿಸುತ್ತದೆ. ಅಂದರೆ ಡಿಜೆ ಗಾಡಿಯ ಪೆಟ್ಟಿಗೆಗಳು 50 ಹರ್ಟ್ಜ್‌ನಲ್ಲಿ 100 ಡೆಸಿಬೆಲ್ ಬಡಿದರೂ ಆ ಬಡಿತ ಮೀಟರಿನಲ್ಲಿ 70 ಎಂದಷ್ಟೇ ದಾಖಲಾಗುತ್ತದೆ. ತಗ್ಗಿನ ಸ್ವರವನ್ನು ಅಷ್ಟಾಗಿ ಕಳೆಯದ ‘ಸಿ’ ಮಾಪನದಲ್ಲಿ ಅದೇ ಶಬ್ದ ಸುಮಾರು 99. ಸ್ವರ ತಗ್ಗಿದಷ್ಟೂ ಗೋಡೆ ಅದನ್ನು ತಡೆಯುವುದು ಕಡಿಮೆ. ಮೆರವಣಿಗೆ ಹೋಗುವಾಗ ಮುಚ್ಚಿದ ಕಿಟಕಿಯ ಗಾಜು ಗಡಗಡ ಎನ್ನುವುದು, ಒಳಗೆ ಮಲಗಿದ ಹಸುಗೂಸು, ವೃದ್ಧರು ಬೆಚ್ಚುವುದು ಈ ತಗ್ಗಿನ ಅಲೆಗಳಿಂದ. ಕಾನೂನಿನ ಮೀಟರು ಅದನ್ನೇ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಆದ್ದರಿಂದ ಮೂರು ಕೆಲಸ ಆಗಬೇಕು. ಮೊದಲನೆಯದಾಗಿ, ಬಿಡಿ ವೂಫರ್ ಮಾರುವ ಪ್ರತಿ ಕಂಪನಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಮತ್ತು ಕೋನ್ ಎಷ್ಟು ಮಿ.ಮೀ. ಓಡಬಲ್ಲುದು ಎಂಬುದನ್ನು ಡಬ್ಬದ ಮೇಲೆ ಮುದ್ರಿಸಬೇಕು. ಸಿದ್ಧ ಪೆಟ್ಟಿಗೆ ಮಾರುವವರು ನಿವ್ವಳ ಲೀಟರ್, ಹೊಂದಿಕೆಯ ಆವೃತ್ತಿ, ಬಾಸ್ ಇಳಿಯುವ ಮಟ್ಟ ಹೇಳಬೇಕು. ಒಪ್ಪಿತ ಅರ್ಥವೇ ಇಲ್ಲದ ಪಿಎಂಪಿಒ ಜಾಹೀರಾತುಗಳಿಂದ ತೊಲಗಬೇಕು. ಹೊರಗಿನ ಹೆಸರಾಂತ ತಯಾರಕರು ಬಹುಕಾಲದಿಂದ ಈ ಅಂಕಿಗಳನ್ನು ಕೊಡುತ್ತಾ ಬಂದಿದ್ದಾರೆ. ಇಲ್ಲಿನ ಗಿರಾಕಿ ಕೇಳಿದರೆ ಇಲ್ಲಿನವರೂ ಕೊಡುತ್ತಾರೆ.

ಎರಡನೆಯದು ಶಿಕ್ಷಣದ್ದು. ಪಿಯುಸಿ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಅನುನಾದ ನಳಿಕೆಯಿಂದ ಶಬ್ದದ ವೇಗ ಅಳೆಯುವ ಪ್ರಯೋಗ ಇದೆ. ನಳಿಕೆಯ ಬಾಯಿಯ ತಿದ್ದುಪಡಿಯೂ ಅಲ್ಲಿ ಬರುತ್ತದೆ. 47 ಸೆಂ.ಮೀ.ನಿಂದ ಏಳನ್ನು ಕಳೆಯುವ ಲೆಕ್ಕ ಅದರ ಒಡಹುಟ್ಟಿದ್ದೇ. ವಿದ್ಯಾರ್ಥಿಗಳು ಅದನ್ನು ಅಂಕಕ್ಕಾಗಿ ಉರುಹೊಡೆದು ಮರೆಯುತ್ತಾರೆ. ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಬಡಗಿ ಕೆಲಸದವರೂ ಎಲೆಕ್ಟ್ರಾನಿಕ್ಸ್‌ನವರೂ ಜೊತೆಯಾಗಿ ಒಂದು ಪೆಟ್ಟಿಗೆ ಕಟ್ಟಲಿ. ಟೋನ್ ಜನರೇಟರ್ ಆ್ಯಪ್, ಆಂಪ್ಲಿಫೈಯರ್ ಜೊತೆಗೆ ಒಂದು ಮಲ್ಟಿಮೀಟರ್, ಒಂದು ರೆಸಿಸ್ಟರ್, ತೂಗಿದ ಒಂದು ಉಂಡೆ ಜೇಡಿಮಣ್ಣು ಇದ್ದರೆ ವೂಫರಿನ ಮೂರೂ ಅಂಕಿಗಳನ್ನು ತರಗತಿಯಲ್ಲೇ ಅಳೆಯಬಹುದು. ಕೋನಿನ ಮೇಲೆ ಮಣ್ಣಿಟ್ಟಾಗ ಅನುನಾದ ಎಷ್ಟು ಇಳಿಯಿತು ಎಂಬುದರಿಂದ ವಿಎಎಸ್ ಸಿಗುತ್ತದೆ. ವಿನ್‌ಐಎಸ್‌ಡಿಯಂಥ ಉಚಿತ ತಂತ್ರಾಂಶ ಮಿಕ್ಕ ಗ್ರಾಫ್ ಎಳೆಯುತ್ತದೆ. ಊರಿನ ಸೌಂಡ್ ಸರ್ವಿಸ್ ನಡೆಸುವ ಹುಡುಗರಲ್ಲಿ ಹಲವರು ಓದು ಅರ್ಧಕ್ಕೆ ಬಿಟ್ಟವರು, ಕೈಗೆಲಸದಲ್ಲಿ ಗಟ್ಟಿಗರು. ಲೀಟರಿನ ಲೆಕ್ಕ ಕನ್ನಡದಲ್ಲಿ ಸಿಕ್ಕರೆ ಅವರು ಯಾರಿಗೂ ಕಡಿಮೆಯಿಲ್ಲದ ಪೆಟ್ಟಿಗೆ ಕಟ್ಟಬಲ್ಲರು.

ಮೂರನೆಯದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಸೇರಿದ್ದು. ಮೆರವಣಿಗೆ, ಜಾತ್ರೆಗಳಲ್ಲಿ ಶಬ್ದ ಅಳೆಯುವಾಗ ‘ಎ’ ಜೊತೆಗೆ ‘ಸಿ’ ಅಂಕಿಯನ್ನೂ ದಾಖಲಿಸಬೇಕು. ಎರಡರ ನಡುವೆ ದೊಡ್ಡ ಅಂತರ ಬಂದರೆ ಅಲ್ಲಿ ತಗ್ಗಿನ ಶಬ್ದದ ಪಾಲು ಹೆಚ್ಚಿದೆ ಎಂದೇ ಲೆಕ್ಕ. ಇದಕ್ಕೆ ಹೊಸ ಉಪಕರಣ ಕೊಳ್ಳುವ ಅಗತ್ಯವೂ ಇಲ್ಲ. ಸಾಮಾನ್ಯವಾಗಿ ಶಬ್ದಮಾಪಕಗಳಲ್ಲಿ ‘ಎ’ ಪಕ್ಕದಲ್ಲೇ ‘ಸಿ’ ಆಯ್ಕೆಯೂ ಇರುತ್ತದೆ. ಮುಂದಿನ ಗಣೇಶ ಚತುರ್ಥಿಯಿಂದಲೇ ಎರಡೂ ಅಂಕಿಗಳನ್ನು ಬರೆದಿಡಲು ಮಂಡಳಿ ತನ್ನ ಅಧಿಕಾರಿಗಳಿಗೆ ಸೂಚಿಸಲಿ, ಆ ದಾಖಲೆಯನ್ನು ಮುಂದಿಟ್ಟು ನಿಯಮ ತಿದ್ದುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಲಿ.